ಕೆಳದನಿಯವನು

ಅವನು ಗಾಜಿನಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಕಿಟಕಿಗೆ, ಕಪಾಟಿಗೆ, ಫೋಟೋಗೆ ಅಳತೆ ಹಿಡಿದು ಗಾಜು ಕೊಯ್ದು ಕೊಡುವುದು. ಸಂಜೆ ಹಾಡುತ್ತಿದ್ದ. ಓಣಿಯವರನ್ನು ಕೇಳಿದರೆ ಗಾಜಿನವನು ಅಂತಲೇ ಹೇಳುತ್ತಿದ್ದರು. ಹಾಡ್ತಾನಂತಲ್ಲ ಎಂದರೆ, "ಹೌದಂತೆ, ಯಾರೋ ಹೇಳಿದ್ರು" ಎನ್ನುತ್ತಿದ್ದರು. ಅಷ್ಟೇ ಅವನ ಕೀರ್ತಿ.

ಅವನು ಕಟ್ಟಿದ ಹಾಡುಗಳನ್ನು ಮಾತ್ರ ಅದೇ ಓಣಿಯ ಜನ ಗುನುಗುತ್ತಿದ್ದರು. ಕ್ಷೌರದವನು ಕತ್ತರಿ ಆಡಿಸುತ್ತಾ ಗುನುಗುತ್ತಿದ್ದ. ಬಸ್ಸಿನ ಕಂಡಕ್ಟರು ಗುನುಗುತ್ತಿದ್ದ. ಹಾಡು ಗಾಜಿನವನದು ಎಂದು ಅವರಿಗೆ ಗೊತ್ತಿರಲಿಲ್ಲ. ಹಾಡಿದವನು ಬೇರೆಯವನಾಗಿದ್ದ.

ನಾಲ್ಕು ಜನರ ತಂಡ ಅದು. ಒಬ್ಬ ಡೋಲು, ಒಬ್ಬ ಪಿಟೀಲು. ಇಬ್ಬರು ಹಾಡುವವರು. ಮಾತು ಕಟ್ಟುವುದು, ಧಾಟಿ ಹಾಕುವುದು ಗಾಜಿನವನ ಕೆಲಸ. ಗಿಟಾರೂ ಅವನದೇ. ಮುಂದೆ ನಿಂತು ಹಾಡುವವನು ಅವನ ಚಡ್ಡಿ ದೋಸ್ತ. ಅವನು ಗಂಟಲು ತೆರೆದರೆ ಬೀದಿಯ ಆ ತುದಿಗೆ ಕೇಳುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಕಂಚು ಎಂದು ಕರೆಯುತ್ತಿದ್ದರು. ಕಂಚು ಹಾಡುವಾಗ ಗಾಜಿನವನು ಅವನ ಎಡಗಡೆ ನಿಂತು ಕೆಳದನಿ ಹಿಡಿಯುತ್ತಿದ್ದ.

ಕೆಳದನಿ ಅಂದರೆ ಹಾಡಿನ ಎರಡನೆಯ ದನಿ. ಧಾಟಿ ಮೇಲಿನವನ ಬಾಯಲ್ಲಿರುತ್ತದೆ. ಕೆಳಗಿನವನು ಅದರ ಅಡಿಯಲ್ಲೇ ಬೇರೆ ಸ್ವರ ಹಿಡಿದು ಸಾಗಬೇಕು. ಜನ ಮನೆಗೆ ಹೋಗುತ್ತಾ ಗುನುಗುವುದು ಮೇಲಿನದನ್ನು. ಕೆಳಗಿನದನ್ನು ತೆಗೆದುಬಿಟ್ಟರೆ ಏನೋ ಸಪ್ಪೆ ಅನ್ನುತ್ತಾರೆ, ಏನು ಹೋಯಿತು ಎಂದು ಅವರಿಗೆ ಹೇಳಲು ಬರುವುದಿಲ್ಲ. ತೊಡುವ ಕೋಟಿಗೆ ಒಳಗಿನ ಅಸ್ತರು ಇದ್ದ ಹಾಗೆ ಎಂದು ಅವನ ಹೆಂಡತಿ ತಿಳಿದುಕೊಂಡಿದ್ದಳು. ಅವಳಿಗೆ ಸಂಗೀತ ಗೊತ್ತಿರಲಿಲ್ಲ. ಬಟ್ಟೆ ಗೊತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳು ಹಾಸಿಗೆ ಬಟ್ಟೆ ಮಡಚುತ್ತಿದ್ದಳು.

ಅವನಿಗೆ ಮೀನು ಎಂದು ಹೆಸರಿಟ್ಟವಳು ಅವನ ತಾಯಿಯೇ. ಮುದುಕಿ ಹರೆಯದಲ್ಲಿ ನೂಲಿನ ಗಿರಣಿಯಲ್ಲಿ ದುಡಿದವಳು. ಗಿರಣಿಯ ಗದ್ದಲ ಅವಳ ಕಿವಿಯನ್ನು ಅರ್ಧ ತಿಂದುಹಾಕಿತ್ತು. ಬಾಯಿಯನ್ನು ತಿಂದಿರಲಿಲ್ಲ. ತಂಡದ ಮೊದಲನೆಯ ದೊಡ್ಡ ಕಾರ್ಯಕ್ರಮಕ್ಕೆ ಮಗ ಅವಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ. ಮುಗಿದ ಮೇಲೆ ಎಲ್ಲರೂ ಸುತ್ತ ನಿಂತಿದ್ದಾಗ, "ಹೆಂಗಿತ್ತಮ್ಮ?" ಎಂದ.

"ಕಂಚು ಚೆನ್ನಾಗಿ ಹಾಡ್ದ," ಎಂದಳು.

"ನಾನು?"

"ನೀನೆಲ್ಲಿ ಹಾಡ್ದೆ? ತೊಟ್ಟಿ ನೀರಲ್ಲಿರೋ ಮೀನಿನ ಥರ ಸುಮ್ನೆ ಬಾಯಿ ಆಡಿಸ್ತಿದ್ದೆ."

ಡೋಲಿನವನು ಬಿದ್ದು ಬಿದ್ದು ನಕ್ಕ. ಅವತ್ತಿನಿಂದ ಅವನು ಮೀನು. ಅಂಗಡಿಯ ಯಜಮಾನನ ಬಾಯಲ್ಲೂ ಮೀನು. ಮದುವೆಯಾಗಿ ಬಂದ ಹೆಂಡತಿ ಕೂಡ ಒಮ್ಮೊಮ್ಮೆ ಹಾಗೇ ಕರೆದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೂ ಹೇಳುವವನಲ್ಲ.

ತಂಡಕ್ಕೆ ಹೆಸರು ಬಂತು. ಬೇರೆ ಊರುಗಳಿಗೆ ಕರೆಸಿಕೊಂಡರು. ಪೇಪರಿನಲ್ಲಿ ಫೋಟೋ ಬಂದರೆ ಕಂಚಿನ ಮುಖ ದೊಡ್ಡದಾಗಿ, ಇವನ ಅರ್ಧ ಕಿವಿ. ವರ್ಷಗಳು ಹೀಗೇ ಕಳೆದವು. ಮುದುಕಿ ಪ್ರತಿ ಸಲ ಹೋಗುತ್ತಿದ್ದಳು, ಪ್ರತಿ ಸಲ ಬಂದು ಕಂಚನ್ನು ಹೊಗಳುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಮೀನು ಹೊಸ ಹಾಡಿನ ಸುದ್ದಿ ಎತ್ತಿದ. ಮುದುಕಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತಾರೆ. ಅವನಾದ್ರೂ ಹಾಡ್ತಾನಪ್ಪ. ನೀನು ಬರೀ ಕಿಸಬಾಯಿ."

ಹೆಂಡತಿಗೆ ನಗು ಬಂತು. ಗಂಡನ ಮುಖ ನೋಡಿ ನಗು ನುಂಗಿದಳು. ಅವನು ತುತ್ತು ಕೈಯಲ್ಲಿ ಹಿಡಿದು ತಾಯಿಯನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ. ಇಷ್ಟು ವರ್ಷ ತಮಾಷೆ ಎಂದುಕೊಂಡಿದ್ದನ್ನು ಅವಳು ನಿಜವಾಗಿಯೇ ಹೇಳುತ್ತಿದ್ದಾಳೆ ಎಂದು ಅವನಿಗೆ ಆಗ ಹೊಳೆದಿತ್ತು. ಅವಳಿಗೆ ಅವನ ದನಿ ಒಂದು ದಿನವೂ ಕೇಳಿಸಿರಲಿಲ್ಲ. ಮೇಲಿನ ದನಿ ಕೆಳಗಿನದನ್ನು ಮುಚ್ಚಿಬಿಡುತ್ತಿತ್ತು.

ಮರುದಿನ ಅವನು ಕಂಚಿನ ಮನೆಗೆ ಹೋಗಿ ತಂಡ ಬಿಡುತ್ತೇನೆ ಎಂದ.

"ಯಾಕೋ? ನಾನೇನಾದ್ರೂ ಅಂದ್ನಾ?"

"ಇಲ್ಲ."

"ಹೆಸರಿಗೆ ಹೋಗ್ತಿದೀಯಾ? ಫೋಟೋದಲ್ಲಿ ನೀನೇ ಮುಂದೆ ನಿಂತ್ಕೊ ಮಾರಾಯ."

"ಅದಲ್ವೋ. ಅಮ್ಮಂಗೆ ನನ್ ದನಿ ಕೇಳಿಸ್ತಿಲ್ಲ. ಒಬ್ನೇ ಹಾಡಿದ್ರೆ ಕೇಳುತ್ತೆ."

ಕಂಚು ಜೋರಾಗಿ ನಕ್ಕ. "ಅದಕ್ಕೆ ತಂಡ ಯಾಕ್ ಬಿಡ್ತೀಯ? ಮುದುಕಿ ಕಿವಿಗೆ ಮಿಷನ್ ಹಾಕ್ಸು."

ಅವನು ತಮಾಷೆ ಮಾಡುತ್ತಿಲ್ಲ ಎಂದು ಕಂಚಿಗೆ ತಿಳಿಯಲು ತಿಂಗಳು ಬೇಕಾಯಿತು. ಆಮೇಲೆ ಇಬ್ಬರಿಗೂ ಮಾತು ನಿಂತುಹೋಯಿತು. ಹಳೆಯ ಹಾಡುಗಳು ತಂಡದಲ್ಲೇ ಉಳಿದವು. ಅವನು ಬರಿಗೈಯಲ್ಲಿ ಹೊರಬಂದ. ಗಿಟಾರ್ ಒಂದು ಬೆನ್ನಿಗಿತ್ತು.

ಒಬ್ಬನೇ ಹಾಡುವವನಿಗೆ ಜಾಗ ಯಾರು ಕೊಡುತ್ತಾರೆ? ಪುಸ್ತಕದಂಗಡಿಯ ಮಹಡಿಯಲ್ಲಿ ಹಾಡಿದ. ಕಾಫಿ ಅಂಗಡಿಯ ಮೂಲೆಯಲ್ಲಿ ಹಾಡಿದ, ಪಕ್ಕದಲ್ಲಿ ಲೋಟ ತೊಳೆಯುವ ಸದ್ದು. ಓದುವ ಕೋಣೆಯಲ್ಲಿ, ಕಾರ್ಮಿಕರ ಸಂಘದ ಹಾಲಿನಲ್ಲಿ, ಯಾರದೋ ಮನೆಯ ಹಜಾರದಲ್ಲಿ. ಜನ ಬಂದರೆ ಮೂರು ಸಾಲು. ಮಳೆ ಬಂದರೆ ಒಂದು ಸಾಲು, ಅದರಲ್ಲಿ ಇಬ್ಬರು ಮಳೆ ನಿಲ್ಲಲಿ ಎಂದು ಬಂದವರು.

ಮೊದಲನೆಯ ಸಲ ಪುಸ್ತಕದಂಗಡಿಯಲ್ಲಿ ಹಾಡಿದಾಗ ತಾಯಿಯನ್ನು ಎದುರಿಗೇ ಕೂರಿಸಿಕೊಂಡ. ಹೆಂಡತಿ ಪಕ್ಕದಲ್ಲಿ. ಎಲ್ಲ ಹೊಸ ಹಾಡುಗಳು. ಏಣಿಯ ಮೇಲೊಂದು, ಬಸ್ಸಿಗೆ ಕಾಯುವ ಹೆಂಗಸಿನ ಮೇಲೊಂದು, ಒಡೆದ ಕನ್ನಡಿಯ ಮೇಲೊಂದು. ಏಣಿಯ ಹಾಡು ಶುರುಮಾಡಿದ. ಎರಡು ಸಾಲು ಹಾಡಿ ನಿಲ್ಲಿಸಿದ. ಗಿಟಾರ್ ಮಾತ್ರ ನಡೆಯುತ್ತಿತ್ತು. ಅವನು ಬಲಗಡೆಗೆ ತಿರುಗಿ, ತಲೆ ಸ್ವಲ್ಪ ಬಾಗಿಸಿ, ಯಾರ ದನಿಗೋ ಕಿವಿಗೊಟ್ಟವನ ಹಾಗೆ ನಿಂತಿದ್ದ.

"ಮರ್ತ್‌ಬಿಟ್ಯೇನೋ?" ಮುದುಕಿ ಕೂಗಿದಳು.

ಜನ ಗೊಳ್ಳೆಂದರು. ಅವನೂ ನಕ್ಕು, ಮುಂದಿನ ಸಾಲು ಹಿಡಿದ. ಮತ್ತೆ ಎರಡು ಸಾಲಿಗೆ ಅದೇ ಕಥೆ. ಅವತ್ತಿನಿಂದ ಜನ ಹೇಳಿದ್ದು ಒಂದೇ. ಹಾಡು ಚೆನ್ನಾಗಿದೆ, ಆದರೆ ಏನೋ ಅರ್ಧ ಆದ ಹಾಗಿದೆ. ಒಬ್ಬರು, ಅವನಿಗೆ ಮಾತು ಮರೆಯುತ್ತೆ ಪಾಪ ಎಂದರು. ಇನ್ನೊಬ್ಬರು, ತಂಡ ಬಿಟ್ಟ ಮೇಲೆ ಕುಡೀತಾನೆ ಅಂತ ಕಾಣುತ್ತೆ ಎಂದರು. ಅವನು ಚಹಾ ಬಿಟ್ಟು ಬೇರೆ ಏನೂ ಕುಡಿಯುತ್ತಿರಲಿಲ್ಲ.

ಮುದುಕಿ ಮನೆಗೆ ಬಂದು ಸೊಸೆಗೆ ಹೇಳಿದಳು: "ಕಂಚು ಇದ್ರೆ ಕೇಳೋಕಾದ್ರೂ ಇತ್ತು. ಈಗ ಅದೂ ಇಲ್ಲ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ನನ್ ಮಗ."

"ನಿಮಗೋಸ್ಕರವೇ ಬಿಟ್ಟಿದ್ದು ಅತ್ತೆ."

"ನಂಗೋಸ್ಕರ ಯಾಕ್ ಬಿಡ್ಬೇಕು? ನಾನೇನ್ ಬಿಡು ಅಂದಿದ್ನಾ?"

ಏನು ತಪ್ಪುತ್ತಿದೆ ಎಂದು ಮೊದಲು ಗೊತ್ತಾಗಿದ್ದು ಮನೆಯಲ್ಲಿ. ಒಂದು ಭಾನುವಾರ ಗಂಡ ಹೆಂಡತಿ ಒಗೆದ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಈ ತುದಿ ಅವಳು, ಆ ತುದಿ ಅವನು. ಎಳೆದು, ಕೂಡಿಸಿ, ಮುಂದೆ ಬಂದು ತುದಿ ಕೊಟ್ಟು, ಹಿಂದೆ ಹೋಗುವುದು. ಅವನು ಗುನುಗುತ್ತಾ ಕೆಲಸ ಮಾಡುತ್ತಿದ್ದ. ಹೊಸ ಹಾಡು. ಅವಳು ಕೇಳುತ್ತಾ ಕೇಳುತ್ತಾ ತಡೆಯಲಾರದೆ ಹೇಳಿದಳು:

"ಇದರ ಮೇಲಿಂದು ಎಲ್ಲಿ?"

"ಮೇಲಿಂದು ಅಂದ್ರೆ?"

"ನೀನು ಹಾಡ್ತಿರೋದು ಕೆಳಗಿಂದು. ತಂಡದಲ್ಲಿ ಹಾಡ್ತಿದ್ಯಲ್ಲ, ಹಂಗೇ. ಮೇಲಿಂದು ಯಾರು ಹಾಡ್ತಾರೆ?"

"ಹುಚ್ಚಿ. ಎಲ್ಲಾನೂ ಹಾಡ್ತಿದೀನಲ್ಲ."

"ಎಲ್ಲಿ ಹಾಡ್ತಿದೀಯ? ನಡುನಡುವೆ ಸುಮ್ನಾಗ್ತೀಯ."

ಅವನಿಗೆ ನಂಬಿಕೆ ಬರಲಿಲ್ಲ. ಫೋನ್ ತೆಗೆದು ಕಿಟಕಿಯ ಮೇಲಿಟ್ಟು ರೆಕಾರ್ಡ್ ಒತ್ತಿ ಇಡೀ ಹಾಡು ಹಾಡಿದ. ಆಮೇಲೆ ಇಬ್ಬರೂ ಕೇಳಿದರು. ಆಗ ಅವನಿಗೆ ಗೊತ್ತಾಯಿತು. ಅವನು ಕಂಚಿನ ದನಿಯನ್ನು ತಲೆಯೊಳಗೆ ಕೇಳುತ್ತಾ ಹಾಡು ಕಟ್ಟುತ್ತಿದ್ದ. ಅಷ್ಟು ವರ್ಷದ ಅಭ್ಯಾಸ. ಮೇಲಿನ ದನಿ ಅವನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೇಳುತ್ತಿತ್ತೆಂದರೆ ಅದು ಕೋಣೆಯಲ್ಲೂ ಕೇಳುತ್ತಿದೆ ಎಂದೇ ಅವನು ತಿಳಿದಿದ್ದ. ಕಂಚು ಒಬ್ಬನೇ ಹಾಡುವ ಜಾಗದಲ್ಲಿ ಇವನು ಬಾಯಿ ಮುಚ್ಚಿ, ಬಲಗಡೆ ತಿರುಗಿ, ಅವನಿಗೆ ದಾರಿ ಬಿಡುತ್ತಿದ್ದ. ಬಿಟ್ಟ ದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ.

"ಇಷ್ಟು ದಿನ ಹಿಂಗೇ ಹಾಡ್ತಿದ್ನಾ?"

"ಹೂಂ."

"ಎಲ್ರ ಮುಂದೆ?"

"ಹೂಂ."

ಅವನು ಮಡಚಿದ ಬಟ್ಟೆಯ ಮೇಲೆ ಕೂತುಬಿಟ್ಟ. ಅವಳು ಏಳು ಎನ್ನಲಿಲ್ಲ.

ಮೇಲಿನ ದನಿಯನ್ನು ಹಾಡಲು ನೋಡಿದ. ಗಂಟಲಿಗೆ ಶಕ್ತಿ ಇಲ್ಲದೆ ಏನಲ್ಲ. ಒಂದು ಸಾಲು ಮೇಲೆ ಹೋಗುತ್ತಿದ್ದ, ಎರಡನೆಯ ಸಾಲಿಗೆ ತಿಳಿಯದೆ ಕೆಳಗೆ ಜಾರುತ್ತಿದ್ದ. ನೀರು ಇಳಿಜಾರಿಗೇ ಹೋಗುತ್ತದೆ. "ಗೂಟ ಕಿತ್ತಿದೀನಿ ಕಣೆ, ಎತ್ತು ಇನ್ನೂ ಅಲ್ಲೇ ಸುತ್ತುತ್ತೆ" ಎನ್ನುತ್ತಿದ್ದ. ಮಧ್ಯದಲ್ಲಿ ನಿಲ್ಲು ಎಂದು ಅವಳು ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಹಾಡು ಮುಗಿಯುವ ಹೊತ್ತಿಗೆ ಅವನು ಗುರುತು ಬಿಟ್ಟು ಎಡಕ್ಕೆ ಸರಿದಿರುತ್ತಿದ್ದ.

ಆಗ ಅವಳು ಲಾಂಡ್ರಿಯ ಮೊಳೆಯ ವಿಷಯ ಹೇಳಿದಳು. ಲಾಂಡ್ರಿಯಲ್ಲಿ ಅವಳ ಜೊತೆ ಬಟ್ಟೆ ಮಡಚುವವಳಿಗೆ ಬಡಬಡಿ ಎಂದು ಹೆಸರು. ಬಾಯಿಗೆ ಬೀಗವಿಲ್ಲ, ಕೈಯೂ ಅಷ್ಟೇ ಚುರುಕು. ಬಡಬಡಿ ಬಾಣಂತನಕ್ಕೆ ಹೋದಾಗ ಮೇಲ್ವಿಚಾರಕ ಬೇರೆ ಯಾರನ್ನೂ ಕೊಡಲಿಲ್ಲ. ಅಷ್ಟುದ್ದದ ಬಟ್ಟೆಯನ್ನು ಒಬ್ಬಳೇ ಮಡಚಬೇಕು. ಮೊದಲ ದಿನ ಎಲ್ಲವೂ ನೆಲಕ್ಕೆ ಬಿದ್ದು ಮತ್ತೆ ಒಗೆತಕ್ಕೆ ಹೋಯಿತು. ಮರುದಿನ ಅವಳು ಗೋಡೆಗೆ ಎರಡು ಮೊಳೆ ಹೊಡೆದು, ಬಟ್ಟೆಯ ಎರಡು ಮೂಲೆ ಅದಕ್ಕೆ ಸಿಕ್ಕಿಸಿ, ಇತ್ತ ಕಡೆಯಿಂದ ಎಳೆದು ಮಡಚಿದಳು.

"ಚೆನ್ನಾಗಿ ಬಂತಾ?"

"ಎಲ್ಲಿ ಬರುತ್ತೆ? ಬಡಬಡಿ ಜೊತೆ ಬಂದಂಗೆ ಬರ್ಲಿಲ್ಲ. ಆದ್ರೆ ಬಟ್ಟೆ ನೆಲಕ್ಕೆ ಬೀಳ್ಲಿಲ್ಲ."

"ಹಂಗಾದ್ರೆ ಮೇಲಿನ ದನಿ ಬೇಡ," ಎಂದ. "ಕೆಳಗಿಂದನ್ನೇ ಪೂರ್ತಿ ಹಾಡ್ತೀನಿ. ಆ ಬಿಟ್ಟಿರೋ ಜಾಗ ದಾಟೋಕೆ ಒಂದು ಮೊಳೆ ಬೇಕು."

"ನಾನಿದೀನಲ್ಲ."

ಅಂದಿನಿಂದ ಅವನು ಎಲ್ಲಿ ಹಾಡಿದರೂ ಅವನ ಬಲಗಡೆ ಒಂದು ಕುರ್ಚಿ. ಅವಳು ಲಾಂಡ್ರಿಯಿಂದ ಹಾಗೇ ಬಂದು, ಕೈಯಲ್ಲಿ ಸೋಪಿನ ವಾಸನೆ ಇಟ್ಟುಕೊಂಡು ಅದರಲ್ಲಿ ಕೂರುತ್ತಿದ್ದಳು. ಅವನು ಬಾಯಿ ಮುಚ್ಚಿ ಅವಳ ಕಡೆ ತಿರುಗಿದ ಕೂಡಲೇ ಅವಳು ಕಾಲಿನಿಂದ ನೆಲ ಒತ್ತುತ್ತಿದ್ದಳು. ನಿನ್ನ ಸರದಿ, ಹಾಡು ಎಂದು. ಅವನು ಹಾಡುತ್ತಿದ್ದ. ಆ ಜಾಗಕ್ಕೆ ಹೊಸ ಮಾತು, ಹೊಸ ಸ್ವರ ಕಟ್ಟಬೇಕಾಯಿತು. ವರ್ಷಗಳು ಹಿಡಿದವು. ಬಿಡುವು ಕಿರಿದಾಗುತ್ತಾ ಬಂತು, ಪೂರ್ತಿ ಹೋಗಲಿಲ್ಲ.

"ನೀನೇನು ಅವನ ಬ್ರೇಕಾ?" ಎಂದು ಪುಸ್ತಕದಂಗಡಿಯವನು ಅವಳನ್ನು ಕೆಣಕಿದ.

"ಅಲ್ಲ, ಕಿಕ್ಕು," ಎಂದಳು. "ಒದೀದೇ ಶುರುವಾಗಲ್ಲ."

ಮುದುಕಿ ಆಗೀಗ ಬರುತ್ತಿದ್ದಳು. ಮಗನ ಹಾಡಿನ ನಡುವೆ ತೂತು ಬಂದರೆ ಅವಳಿಗೆ ಮರೆವು ಎಂದೇ ಕಾಣುತ್ತಿತ್ತು. ಪಕ್ಕದವರಿಗೆ ಹೇಳುತ್ತಿದ್ದಳು, ಚಿಕ್ಕವನಿದ್ದಾಗಲೂ ಇವನಿಗೆ ಮಗ್ಗಿ ಬಾಯಿಪಾಠ ಬರುತ್ತಿರಲಿಲ್ಲ ಎಂದು. ಅವಳ ಕಿವಿ ದಿನದಿಂದ ದಿನಕ್ಕೆ ಹೋಗುತ್ತಿತ್ತು. ಹೋಗುವ ಮೊದಲು ಒಂದು ಸಲವಾದರೂ ತನ್ನದೊಂದು ಹಾಡು ತುಂಬಿದ ಹಾಡಾಗಿ ಅವಳಿಗೆ ಕೇಳಬೇಕು. ಅವನಿಗೆ ಬೇಕಾಗಿದ್ದು ಅದೊಂದೇ. ದೊಡ್ಡ ಹಾಲು ಬೇಡ, ಪೇಪರು ಬೇಡ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಬ್ಬನ ರೆಕಾರ್ಡಿಂಗ್ ಕೋಣೆ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ. ಆ ಮನುಷ್ಯ ಮೀನಿನ ಹಾಡು ಮೆಚ್ಚಿದವನು. ಬಿಡುವಿದ್ದಾಗ ಬಾ, ಎಲ್ಲ ಹಿಡಿದಿಡೋಣ ಎಂದ. ಕೆಲವು ಭಾನುವಾರ ಅವನು ಅಲ್ಲಿಗೆ ಹೋಗಿ ಹಾಡಿದ. ಕೋಣೆ ಚಿಕ್ಕದು. ಕುರ್ಚಿ ಕಿರುಗುಟ್ಟಿದರೂ ಒಳಗೆ ಸೇರಿಬಿಡುತ್ತದೆ, ಇನ್ನೊಬ್ಬರು ಇರುವ ಹಾಗಿಲ್ಲ ಎಂದ ರೆಕಾರ್ಡಿಂಗ್‌ನವನು. ಹೆಂಡತಿ ಗಾಜಿನ ಆಚೆ ನಿಂತಳು. ಆ ಗಾಜು ಅವನೇ ಕೊಯ್ದು ಹಾಕಿದ್ದು. ಅವಳು ಆಚೆ ಎಷ್ಟು ನೆಲ ತುಳಿದರೂ ಅವನಿಗೆ ಕೇಳುತ್ತಿರಲಿಲ್ಲ. ನೋಡಲಿ ಎಂದರೆ ಅವನು ಹಾಡುವಾಗ ಕಣ್ಣು ಮುಚ್ಚುತ್ತಿದ್ದ. ಹಳೆಯ ತೂತುಗಳೆಲ್ಲ ತಿರುಗಿ ಬಂದವು.

ಅವನು ಹೊರಗೆ ಬಂದು ಕೇಳಿ, "ಬೇಡ ಇದು," ಎಂದ.

"ಇರ್ಲಿ ಬಿಡಿ. ಬಿಸಿಲು ಬಂದ್ಮೇಲೆ ಎಲ್ಲ ಮತ್ತೆ ಹಾಡಿಸ್ತೀನಿ," ಎಂದ ರೆಕಾರ್ಡಿಂಗ್‌ನವನು. "ಈಗ ಈ ತಗಡಿನ ಮೇಲೆ ಮಳೆ ಸದ್ದು ಬೇರೆ."

ಆ ಮಳೆಗಾಲದಲ್ಲೇ ಒಂದು ಸಂಜೆ ಓದುವ ಕೋಣೆಯಲ್ಲಿ ಹಾಡು ಇತ್ತು. ಮುದುಕಿ ಬರಲು ಸೀರೆ ಉಟ್ಟು ಸಿದ್ಧವಾಗಿದ್ದಳು. ಬಾಗಿಲು ದಾಟುವಾಗ ಮಂಡಿ ಹಿಡಿದುಕೊಂಡಿತು. "ನೀವು ಹೋಗಿ. ಮುಂದಿನ ಸಲ ಬರ್ತೀನಿ. ಅವನೇನು ಎಲ್ಲೂ ಓಡಿ ಹೋಗಲ್ಲ" ಎಂದು ಗೋಡೆ ಹಿಡಿದು ಕೂತಳು.

ಅವತ್ತು ಅವನು ಏಣಿಯ ಹಾಡು ಎತ್ತಿದ. ಎರಡು ಸಾಲು ಮುಗಿಯಿತು. ಹೆಂಡತಿ ಕಾಲು ಒತ್ತಲು ಸಿದ್ಧವಾದಳು. ಅವನು ತಿರುಗಲಿಲ್ಲ. ನಿಲ್ಲಲಿಲ್ಲ. ಹಾಗೇ ಹಾಡುತ್ತಾ ಹೋದ. ಕೆಳದನಿಯೇ, ಸಣ್ಣದೇ. ಆದರೆ ಈ ಗೋಡೆಯಿಂದ ಆ ಗೋಡೆಯವರೆಗೆ ಅದೊಂದೇ ಇತ್ತು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಕೊನೆಯ ತನಕ ಅವನು ನಡುವೆಯೇ ನಿಂತಿದ್ದ. ಅವಳ ಕಾಲಿಗೆ ಅವತ್ತು ಕೆಲಸವೇ ಇರಲಿಲ್ಲ.

ದಾರಿಯಲ್ಲಿ ಇಬ್ಬರೂ ನೆನೆದರು. ಛತ್ರಿ ಒಂದೇ, ಅದು ಗಿಟಾರಿಗೆ. "ಬಂತಲ್ವಾ?" ಎಂದು ಅವನು ಮತ್ತೆ ಮತ್ತೆ ಕೇಳಿದ. "ಬಂತು" ಎಂದಳು. "ಅಮ್ಮ ಇರ್ಬೇಕಿತ್ತು." "ಮುಂದಿನ ಸಲ ಎತ್ಕೊಂಡಾದ್ರೂ ಹೋಗೋಣ."

ಮುಂದಿನ ಸಲ ಬರಲಿಲ್ಲ. ಜ್ವರ ಬಂತು. ನೆನೆದ ಜ್ವರ, ಹೋಗುತ್ತೆ ಎಂದು ಅವನು ಅಂಗಡಿಗೆ ಹೋದ. ಹಿಡಿದ ಗಾಜನ್ನು ಕೆಳಕ್ಕೆ ಬಿಟ್ಟ. ಯಜಮಾನ ಮನೆಗೆ ಕಳಿಸಿದ. ಎದೆಯಲ್ಲಿ ನೀರು ತುಂಬಿದೆ ಎಂದರು ಆಸ್ಪತ್ರೆಯಲ್ಲಿ. ಹೆಂಡತಿ ಮಡಚಿದ ಬಟ್ಟೆ ಹೋಗುವ ಆಸ್ಪತ್ರೆಯೇ ಅದು. ಮೂಗಿಗೆ ನಳಿಕೆ ಹಾಕಿದ್ದರು. ಅವನಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಬಾಯಿ ಆಡಿಸುತ್ತಿದ್ದ. ದನಿ ಬರುತ್ತಿರಲಿಲ್ಲ. ಮುದುಕಿ ಹತ್ತಿರ ಕೂತು ನೋಡಿದಳು. ಅವಳು ಆ ಹೆಸರು ಮತ್ತೆ ಎತ್ತಲಿಲ್ಲ.

ಅವನು ಒಂದು ಬೆಳಗ್ಗೆ ಹೋಗಿಬಿಟ್ಟ. ಹೆಂಡತಿ ಚಹಾ ತರಲು ಕೆಳಗೆ ಇಳಿದಿದ್ದಳು.

ರಜೆ ಮುಗಿದು ಅವಳು ಲಾಂಡ್ರಿಗೆ ಹೋದಳು. ಆಸ್ಪತ್ರೆಯ ಬಟ್ಟೆಗೆ ವಾರ್ಡಿನ ಮುದ್ರೆ ಇರುತ್ತದೆ. ಅವನಿದ್ದ ವಾರ್ಡಿನ ಗಂಟು ಬಂದಿತ್ತು. ಅವಳು ಒಂದೊಂದೇ ಬಿಡಿಸಿ ನೋಡಿದಳು. ಎಲ್ಲ ಬಿಳಿ, ಎಲ್ಲ ಒಂದೇ ಥರ. ಅವನು ಮಲಗಿದ್ದು ಯಾವುದರ ಮೇಲೆ ಎಂದು ಗೊತ್ತಾಗಲಿಲ್ಲ. ಬಡಬಡಿ ಆ ತುದಿ ಹಿಡಿದು ಕಾಯುತ್ತಿದ್ದಳು. ಆ ಹೆಂಗಸು ಒಂದು ಮಾತೂ ಆಡದ ದಿನ ಅದೊಂದೇ. ಎಲ್ಲವನ್ನೂ ಮಡಚಿದರು.

ಕೆಲವು ವಾರದ ಮೇಲೆ ಕಂಚು ಬಂದ. ಸಾವಿಗೆ ಬಂದು ಬಾಗಿಲಲ್ಲಿ ನಿಂತು ಹೋಗಿದ್ದವನು, ಈ ಸಲ ಒಳಗೆ ಬಂದು ಕೂತ. ತಲೆ ನರೆತಿತ್ತು. ಮುದುಕಿ ಮಂಚದ ಮೇಲೆ ಗೋಡೆಗೆ ಒರಗಿದ್ದಳು.

"ಯಾರದು?"

"ಕಂಚು ಅತ್ತೆ," ಅವಳು ಕಿವಿಯ ಹತ್ತಿರ ಕೂಗಿದಳು.

"ಓ. ಬದ್ಕಿದೀಯಾ?"

"ಬದ್ಕಿದೀನಮ್ಮ." ಅವನ ಕಣ್ಣು ತುಂಬಿತು.

ಅವನು ರೆಕಾರ್ಡಿಂಗ್‌ನವನ ಹತ್ತಿರ ಹೋಗಿದ್ದ. ಅಲ್ಲಿದ್ದ ಹಾಡುಗಳನ್ನೆಲ್ಲ ಕೇಳಿದ್ದ. "ತಾಯಿ," ಎಂದ ಗೆಳೆಯನ ಹೆಂಡತಿಗೆ, "ಅವನು ಎಲ್ಲ ಕಡೆ ನನ್ ಜಾಗ ಬಿಟ್ಟಿದಾನೆ. ಎಲ್ಲೆಲ್ಲಿ ನಿಲ್ಸಿದಾನೋ ಅಲ್ಲೆಲ್ಲ ನಂಗೆ ಏನ್ ಹಾಡ್ಬೇಕು ಅಂತ ಗೊತ್ತು. ಯಾರೂ ಹೇಳ್ಕೊಡ್ಬೇಕಾಗಿಲ್ಲ. ನಾನು ಮೇಲಿನ ದನಿ ಹಾಡ್ತೀನಿ. ಅವನದರ ಮೇಲೆ ಕೂರಿಸೋಣ. ಹಾಡು ಅವನದು ಅಂತ ದೊಡ್ಡದಾಗಿ ಹಾಕ್ಸೋಣ. ಈಗ ಹಿಂಗೇ ಬಿಟ್ರೆ ಯಾರು ಕೇಳ್ತಾರೆ? ನನ್ ದನಿ ಇದ್ರೆ ಊರೆಲ್ಲ ಕೇಳುತ್ತೆ. ನೀನು ಹೂಂ ಅಂದ್ರೆ ಆಯ್ತು. ರೆಕಾರ್ಡಿಂಗ್‌ನವನು ನೀನು ಹೇಳ್ದೆ ಕೊಡಲ್ಲ ಅಂತಿದಾನೆ."

ಅವಳು ಅವನ ಮುಖ ನೋಡಿದಳು. ಮೋಸ ಇರಲಿಲ್ಲ. ಜಂಬ ಸ್ವಲ್ಪ ಇತ್ತು, ಅದು ಹುಟ್ಟಿನಿಂದ ಬಂದಿದ್ದು. ಅಳು ನಿಜವಾದದ್ದು.

"ಏನಂತಾನೆ?" ಮುದುಕಿ ಕೇಳಿದಳು. ಸೊಸೆ ಕೂಗಿ ಹೇಳಿದಳು.

"ತುಂಬ್ಲಿ ಬಿಡೆ," ಎಂದಳು ಮುದುಕಿ. "ತೂತಿನ ಕೊಡ ಮನೇಲಿಟ್ಕೊಂಡು ಏನ್ ಮಾಡ್ತೀಯ? ನನ್ ಮಗನ್ನ ನಾಲ್ಕ್ ಜನ ಕೇಳ್ಲಿ."

ಅವಳಿಗೂ ಹಾಗೇ ಅನಿಸಿತು. ಸತ್ತವನಿಗೆ ಇನ್ನೇನು ಕೊಡುವುದಿದೆ? "ಒಂದ್ ಸಲ ಹಾಡಿ ತೋರ್ಸಿ," ಎಂದಳು.

ಏಣಿಯ ಹಾಡನ್ನು ಫೋನಿನಲ್ಲಿ ಹಾಕಿ, ಚಿಕ್ಕ ಸ್ಪೀಕರಿಗೆ ಸೇರಿಸಿ, ಮುದುಕಿಗೆ ಕೇಳಲಿ ಎಂದು ಮಂಚದ ಮೇಲೆ ಇಟ್ಟಳು. ಗಿಟಾರ್ ಶುರುವಾಯಿತು. ಮೀನಿನ ದನಿ ಬಂತು. ಮುದುಕಿ ಬಾಗಿ ಕೈ ಮುಂದೆ ಚಾಚಿದಳು.

ಕಂಚು ಎದ್ದು ನಿಂತ. ಅವನಿಗೂ ಅಭ್ಯಾಸ ಬಿಟ್ಟಿರಲಿಲ್ಲ, ಸ್ಪೀಕರಿನ ಬಲಗಡೆಗೆ ಹೋಗಿ ನಿಂತ. ಹಾಡಿದ. ಗಂಟಲು ಮುದಿಯಾಗಿರಲಿಲ್ಲ. ಮೊದಲ ಸಾಲಿಗೇ ಅವಳ ಮೈ ಜುಮ್ಮೆಂದಿತು. ಮೇಲಿನದು ಕೆಳಗಿನದರ ಮೇಲೆ ಕೂತ ಕೂಡಲೇ ಹಾಡು ತುಂಬಿಕೊಂಡಿತು. ಚೌಕಟ್ಟಿಗೆ ಬಾಗಿಲು ಕೂತ ಹಾಗೆ. ತೂತು ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ. ಗಂಡ ತಲೆಯಲ್ಲಿ ಕೇಳುತ್ತಿದ್ದದ್ದು ಇದನ್ನೇ ಎಂದು ಅವಳಿಗೆ ತಿಳಿಯಿತು. ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ಅವಳು ಹೂಂ ಎನ್ನಲು ಬಾಯಿ ತೆರೆದಿದ್ದಳು.

"ಅವನ್ಯಾಕೆ ನಿಲ್ಸಿದ?" ಎಂದಳು ಮುದುಕಿ.

ಕಂಚು ಹಾಡು ನಿಲ್ಲಿಸಿದ. ಸ್ಪೀಕರಿನಲ್ಲಿ ಮೀನು ಹಾಡುತ್ತಲೇ ಇದ್ದ.

"ನಿಲ್ಸಿಲ್ಲಮ್ಮ. ಹಾಡ್ತಿದಾನೆ ನೋಡಿ."

"ಈಗ ಹಾಡ್ತಿದಾನೆ. ಆಗ ನಿಲ್ಸಿದ್ದ. ನೀನು ಬಾಯಿ ತೆಗ್ದ ಕೂಡ್ಲೇ ನಿಲ್ಸಿದ."

"ಇನ್ನೊಂದ್ ಸಲ ನೋಡೋಣ," ಎಂದ ಕಂಚು. ಮೊದಲಿನಿಂದ ಹಾಕಿಸಿ, ಈ ಸಲ ಮೆಲ್ಲಗೆ ಹಾಡಿದ. ಇನ್ನೂ ಮೆಲ್ಲಗೆ ಹಾಡಿದ. ಮುದುಕಿ ಸ್ಪೀಕರಿಗೆ ಕಿವಿ ಒತ್ತಿಕೊಂಡು ಕೂತಿದ್ದಳು. ತಲೆ ಅಲ್ಲಾಡಿಸಿದಳು.

"ಇಲ್ಲ. ಹೋದ. ನನ್ ಮಗ ಎಲ್ಲಿ? ನೀನೊಬ್ನೇ ಇದೀಯ."

ಹಾಡು ತನ್ನಷ್ಟಕ್ಕೆ ಮುಗಿದು ನಿಂತಿತು.

"ಬೇಡ ಅಣ್ಣಾ," ಎಂದಳು ಅವಳು.

"ಏನ್ ಬೇಡ?"

"ಮೇಲಿನ ದನಿ ಬೇಡ. ಹಿಂಗೇ ಇರ್ಲಿ."

"ಕಿವಿ ಕೇಳದ ಮುದುಕಿ ಮಾತು ಕಟ್ಕೊಂಡು..."

"ಊರ ಜನಕ್ಕೆ ಕಿವಿ ಚೆನ್ನಾಗೇ ಇತ್ತಲ್ಲಣ್ಣ. ಅಷ್ಟ್ ವರ್ಷ ನಿಮ್ ಪಕ್ಕ ನಿಂತು ಹಾಡ್ದ. ಅವರಿಗೆ ಕೇಳಿಸ್ತಾ?"

ಕಂಚು ಬಾಯಿ ತೆರೆದು ಮುಚ್ಚಿದ. "ಹಿಂಗೇ ಬಿಟ್ರೆ ಸತ್ತೋಗುತ್ತೆ ತಾಯಿ ಈ ಹಾಡು. ಯಾರೂ ಕೇಳಲ್ಲ," ಎಂದ.

"ಗೊತ್ತು."

"ಗೊತ್ತಿದ್ದೂ ಬೇಡ ಅಂತೀಯಲ್ಲ, ನಿಂಗೇನು ಸಿಗುತ್ತೆ?"

"ಏನೂ ಸಿಗಲ್ಲ."

ಅವನು ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಡೆ ಹಿಡಿದುಕೊಂಡ. ಹೋಗುವ ಮೊದಲು ಒಳಗೆ ತಿರುಗಿ ಮುದುಕಿಗೆ ಕೈಮುಗಿದ. ಆಮೇಲೆ ಅವನು ಬರಲಿಲ್ಲ.

ಅವನು ಹೇಳಿದ್ದೇ ಆಯಿತು. ರೆಕಾರ್ಡಿಂಗ್‌ನವನು ಹಾಡುಗಳನ್ನು ಇದ್ದ ಹಾಗೇ ಹೊರಗೆ ಬಿಟ್ಟ. ಓದುವ ಕೋಣೆಗೆ ಬರುತ್ತಿದ್ದ ಕೆಲವರು ಕೇಳಿದರು. ಪುಸ್ತಕದಂಗಡಿಯವನು ಬಾಗಿಲು ತೆರೆಯುವ ಹೊತ್ತಿಗೆ ಸ್ವಲ್ಪ ದಿನ ಹಾಕುತ್ತಿದ್ದ, ಆಮೇಲೆ ಬೇರೆ ಹಾಕಿದ. ಕ್ಷೌರದವನು ಇನ್ನೂ ಕಂಚಿನ ಹಾಡನ್ನೇ ಗುನುಗುತ್ತಾನೆ. ಗಾಜಿನಂಗಡಿಯಲ್ಲಿ ಬೇರೆಯವನು ಬಂದಿದ್ದಾನೆ.

ಅವತ್ತು ಕಂಚು ಹೋದ ಮೇಲೆ ಅವಳು ಬಾಗಿಲು ಹಾಕಿ ಬಂದಳು. ಮುದುಕಿ ಸ್ಪೀಕರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಹೋದ್ನಾ?"

"ಹೋದ."

"ಹಂಗಾದ್ರೆ ನಮ್ ಹುಡ್ಗನ್ನ ಹಾಕು."

ಅವಳು ಹಾಕಿದಳು. ಮುದುಕಿ ಸ್ಪೀಕರನ್ನು ಎತ್ತಿ ಕಿವಿಗೆ ಒತ್ತಿಕೊಂಡಳು. ಎರಡು ಸಾಲು ಹಾಡಿ ಅವನು ನಿಂತ.

"ಮರ್ತ್ನಾ?"

"ಇಲ್ಲ ಅತ್ತೆ. ಉಸಿರು ತಗೋತಿದಾನೆ."

ಮುದುಕಿ ಕಾದಳು. ಅವಳೂ ಕಾದಳು. ಕಾಲು ತಾನಾಗಿ ನೆಲ ಒತ್ತಿತು.

"ಹಾಂ, ಬಂದ," ಎಂದಳು ಮುದುಕಿ.

ಹಾಡು ಮುಗಿಯುವ ತನಕ ಮುದುಕಿ ಕದಲಲಿಲ್ಲ. ಮುಗಿದ ಮೇಲೂ ಸ್ಪೀಕರನ್ನು ಕಿವಿಯಿಂದ ತೆಗೆಯಲಿಲ್ಲ.

"ಎಷ್ಟು ಸಣ್ ದನಿ ಕಣೆ ಇವಂದು."

"ಹೂಂ ಅತ್ತೆ."

"ಇನ್ನೊಂದ್ ಸಲ ಹಾಕು."

ಹಾಕಿದಳು.